ಕೀಮೋ ಮುಗಿಯುವ ದಿನ ಹತ್ತಿರವಾದಷ್ಟೂ ಹೆದರಿಕೆ ಹೆಚ್ಚುತ್ತಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ

ಸಕಲೇಶಪುರದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 46. ಕಳೆದ ಡಿಸೆಂಬರ್‌ನಲ್ಲಿ, ತೋಟದಲ್ಲಿ ಕಾಫಿ ಕೊಯ್ಲು ಭರದಿಂದ ಸಾಗಿದ್ದಾಗ, ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಅಡಿಕೆ ಗಾತ್ರದ ಗಂಟೊಂದು ಕೈಗೆ ಸಿಕ್ಕಿತು. ಕೊಯ್ಲು ಮುಗಿಯಲೆಂದು ಮೂರು ವಾರ ಯಾರಿಗೂ ಹೇಳದೆ ಸುಮ್ಮನಿದ್ದೆ. ಆ ಮೂರು ವಾರಗಳ ನೆನಪು ಇಂದಿಗೂ ನನ್ನನ್ನು ಕೊರೆಯುತ್ತದೆ. ಪರೀಕ್ಷೆಯಲ್ಲಿ ಎರಡನೆಯ ಹಂತದ ಕ್ಯಾನ್ಸರ್ ಎಂದು ತಿಳಿಯಿತು. ವರದಿಯಲ್ಲಿ ಈಆರ್ ಪಾಸಿಟಿವ್ (ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ ಬಗೆ), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ ಬಗೆ) ಎಂದಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ 21 ದಿನಗಳಿಗೊಮ್ಮೆ ನಾಲ್ಕು ಸಲ ಕೆಂಪು ಬಣ್ಣದ ಕೀಮೋ ಔಷಧಿ ಕೊಟ್ಟರು. ಈಗ ವಾರಕ್ಕೊಂದರಂತೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿಯ 12 ಡೋಸ್‌ಗಳಲ್ಲಿ 9 ಮುಗಿದಿವೆ. ಪ್ರತಿ ಗುರುವಾರ ಹಾಸನಕ್ಕೆ ಹೋಗಿ ಸಂಜೆಗೆ ಮನೆ ಸೇರುತ್ತೇನೆ.

ಕೂದಲು ಉದುರಿದ್ದನ್ನೂ ಬಾಯಿಗೆ ರುಚಿಯಿಲ್ಲದೆ ಬರೀ ಗಂಜಿ ಮತ್ತು ನಿಂಬೆ ಉಪ್ಪಿನಕಾಯಿಯಲ್ಲಿ ವಾರಗಟ್ಟಲೆ ಕಳೆದದ್ದನ್ನೂ ಹೇಗೋ ಸಹಿಸಿಕೊಂಡೆ. ಈಗ ಬೆರಳ ತುದಿಗಳು ಮರಗಟ್ಟಿವೆ. ರವಿಕೆಯ ಹುಕ್ಕನ್ನು ಮಗಳು ಹಾಕಿಕೊಡುತ್ತಾಳೆ. ಮೊನ್ನೆ ತೋಟದಿಂದ ಬಂದು ಒಲೆಯ ಮುಂದೆ ನಿಂತಿದ್ದಾಗ ಮಗಳು ಕೂಗಿದಳು. ನೋಡಿದರೆ ಪಾದದಿಂದ ರಕ್ತ ಇಳಿದು ನೆಲವೆಲ್ಲ ಕಲೆಯಾಗಿತ್ತು. ಉಂಬಳ (ಜಿಗಣೆ) ಕಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಈ ಜೋಮಿನ ವಿಷಯವನ್ನು ನಾನು ಇನ್ನೂ ವೈದ್ಯರಿಗೆ ತಿಳಿಸಿಲ್ಲ. ಅವರು ಔಷಧಿಯ ಪ್ರಮಾಣ ಇಳಿಸಿದರೆ ಕಾಯಿಲೆ ಮತ್ತೆ ಬಂದೀತು ಎಂಬ ಭಯವೇ ಅದಕ್ಕೆ ಕಾರಣ.

ಉಳಿದಿರುವುದು ಮೂರೇ ವಾರ ಎಂದು ಮನೆಯವರೆಲ್ಲ ಸಂತೋಷವಾಗಿದ್ದಾರೆ. ನನಗೆ ಮಾತ್ರ ಆ ದಿನ ಹತ್ತಿರ ಬಂದಷ್ಟೂ ಎದೆ ಹೊಡೆದುಕೊಳ್ಳುತ್ತದೆ. ಔಷಧಿ ಮೈಯೊಳಗೆ ಹೋಗುತ್ತಿರುವವರೆಗೆ ಏನೋ ಒಂದು ನಡೆಯುತ್ತಿದೆ ಎಂಬ ಧೈರ್ಯವಿರುತ್ತದೆ. ಅದು ನಿಂತ ಮೇಲೆ ನನ್ನನ್ನು ಕಾಯುವವರು ಯಾರು? ಎರಡು ದಿನಗಳಿಂದ ಬೆನ್ನು ನೋಯುತ್ತಿದೆ, ಕಾಯಿಲೆ ಮೂಳೆಗೆ ಹರಡಿದ್ದೇ ಇರಬೇಕು ಎಂದು ಮನಸ್ಸು ಹೇಳುತ್ತದೆ. ಗುರುವಾರದ ರಾತ್ರಿಯಂತೂ ಮೂರು ಗಂಟೆಯವರೆಗೂ ಕಣ್ಣು ಮುಚ್ಚುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಭಾವನವರು ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ (ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ನೋಡುವ ಸ್ಕ್ಯಾನ್) ಮಾಡಿಸಿದರೆ ನಿಶ್ಚಿಂತೆಯಾಗಿರಬಹುದು ಎನ್ನುತ್ತಾರೆ. ಅದು ಸರಿಯೇ? ಈ ಭಯ ಯಾವಾಗಲಾದರೂ ಹೋಗುತ್ತದೆಯೇ?

ಕೊಪ್ಪದ ಅಕ್ಕ

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಒಂಬತ್ತು ವರ್ಷಗಳ ಹಿಂದೆ ನನ್ನ ಕೊನೆಯ ಕೀಮೋ ಮುಗಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ನಾನು ಹಿತ್ತಲಿಗೆ ಹೋಗಿ ಅತ್ತಿದ್ದೆ. ಏಕೆ ಅಳುತ್ತಿದ್ದೇನೆಂದು ಯಾರಿಗೂ ಹೇಳಲಾಗಲಿಲ್ಲ, ಹೇಳಿದ್ದರೂ ಕೃತಘ್ನಳೆಂದುಕೊಳ್ಳುತ್ತಿದ್ದರೇನೋ. ಆದ್ದರಿಂದ ಮೊದಲು ಇಷ್ಟನ್ನು ತಿಳಿದುಕೊಳ್ಳಿ: ಚಿಕಿತ್ಸೆ ಮುಗಿಯುವಾಗ ಹೆದರಿಕೆ ಹೆಚ್ಚುವುದು ನಿಮ್ಮೊಬ್ಬರಿಗೆ ಬಂದ ವಿಚಿತ್ರ ಸ್ಥಿತಿಯಲ್ಲ. ವಾರವಾರವೂ ರಕ್ತ ಪರೀಕ್ಷೆ ಮಾಡುವವರು, ನಾಡಿ ಹಿಡಿಯುವವರು, "ಹೇಗಿದ್ದೀರಿ" ಎಂದು ಕೇಳುವವರು ಒಮ್ಮೆಲೇ ಇಲ್ಲವಾದಾಗ ಯಾರಿಗಾದರೂ ಹಾಗೆಯೇ ಆಗುತ್ತದೆ.

"ನನ್ನನ್ನು ಕಾಯುವವರು ಯಾರು" ಎಂದು ಕೇಳಿದ್ದೀರಿ. ನಿಮ್ಮದು ಈಆರ್ ಪಾಸಿಟಿವ್ ಆಗಿರುವುದರಿಂದ ಕೀಮೋ ಮುಗಿದ ಮೇಲೆ ನಿಮಗೆ ದಿನವೂ ನುಂಗುವ ಮಾತ್ರೆಯನ್ನು ಬರೆದುಕೊಡುವ ಸಾಧ್ಯತೆಯೇ ಹೆಚ್ಚು. ನನಗೆ ಕೊಟ್ಟದ್ದು ಟಮಾಕ್ಸಿಫೆನ್. ಬೊಟ್ಟಿನಷ್ಟು ಪುಟ್ಟ ಆ ಬಿಳಿ ಮಾತ್ರೆಯನ್ನು ನೋಡಿ, ಅಷ್ಟು ದೊಡ್ಡ ಸೀಸೆಗಳ ಕೆಲಸ ಮುಗಿದ ಮೇಲೆ ಇದೇನು ಮಾಡೀತು ಎಂದುಕೊಂಡಿದ್ದೆ. ಆಮೇಲೆ ನನ್ನ ವೈದ್ಯರು ವಿವರಿಸಿದರು: ಈ ಬಗೆಯ ಕ್ಯಾನ್ಸರ್ ಕೋಶಗಳು ಈಸ್ಟ್ರೋಜನ್ ಹಾರ್ಮೋನಿನ ಆಸರೆಯಲ್ಲಿ ಬೆಳೆಯುತ್ತವೆ, ಮಾತ್ರೆಯು ಆ ಆಸರೆಯನ್ನು ತಡೆಯುತ್ತದೆ, ಐದು ವರ್ಷ ಬಿಡದೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಕೆಲವರಿಗೆ ಇದನ್ನು 10 ವರ್ಷದವರೆಗೂ ಮುಂದುವರಿಸುತ್ತಾರೆ. ಅಂದರೆ ಕಾವಲು ನಿಲ್ಲುವುದಿಲ್ಲ, ಆಸ್ಪತ್ರೆಯಿಂದ ನಿಮ್ಮ ಮನೆಗೆ ಬರುತ್ತದೆ. ಮೈ ಬಿಸಿಯೇರಿ ಬೆವರುವುದು ಮೊದಲ ವರ್ಷ ನನ್ನನ್ನು ಬಹಳ ಕಾಡಿತು. ಆದರೂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಟ್ಟಿನ ಹೊರತಾಗಿ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಇನ್ನು ನೋವಿನ ವಿಷಯ. ನಮ್ಮ ಮನೆಯಲ್ಲಿ ಮಾವನವರ ಕಾಲದಿಂದಲೂ ಮಳೆ ಬರೆದಿಡುವ ಪುಸ್ತಕವಿದೆ. ಪ್ರತಿದಿನ ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಬರೆಯುವುದು ನನ್ನ ಕೆಲಸ. ಒಂದು ದಿನ ಸೊಂಟ ನೋಯುತ್ತಿದೆಯೆಂದು ಗಾಬರಿಯಾಗಿ ಕುಳಿತಿದ್ದವಳು, ಮಳೆಯ ಅಂಕಿಯ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ "ಸೊಂಟ, ಬಲಗಡೆ" ಎಂದು ಬರೆದೆ. ಮರುದಿನವೂ ಬರೆದೆ. ಐದನೆಯ ದಿನ ಬರೆಯಲು ಏನೂ ಇರಲಿಲ್ಲ. ಅಂದಿನಿಂದ ಇದೇ ನನ್ನ ಪದ್ಧತಿ: ಹೊಸ ನೋವು ಬಂದರೆ ತಾರೀಖು ಹಾಕುತ್ತೇನೆ, ಎರಡು ವಾರ ಬಿಡದೆ ಉಳಿದರೆ ಅಥವಾ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಈ ಒಂಬತ್ತು ವರ್ಷಗಳಲ್ಲಿ ಹಾಗೆ ಫೋನ್ ಮಾಡಬೇಕಾಗಿ ಬಂದದ್ದು ಮೂರು ಸಲ. ಒಂದು ಸಲ ಎಕ್ಸ್‌ರೇ, ಇನ್ನೊಂದು ಸಲ ಮೂಳೆಯ ಸ್ಕ್ಯಾನ್ ಮಾಡಿಸಿದರು. ಮೂರೂ ಸಲ ಕಾರಣ ಬೇರೆಯೇ ಆಗಿತ್ತು. ನಾಲ್ಕನೆಯ ಸಲವೂ ಹಾಗೆಯೇ ಆಗುತ್ತದೆಂದು ನಾನು ಹೇಳಲಾರೆ, ಯಾರೂ ಹೇಳಲಾರರು.

ಭಯ ಹೋಗುತ್ತದೆಯೇ ಎಂದರೆ, ನನ್ನದು ಪೂರ್ತಿ ಹೋಗಿಲ್ಲ. ವರ್ಷಕ್ಕೊಮ್ಮೆಯ ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಮ್‌ಗೆ ಮುಂಚಿನ ವಾರ ಈಗಲೂ ಊಟ ಸೇರುವುದಿಲ್ಲ. ಆದರೆ ಮೊದಲು ದಿನವಿಡೀ ಇರುತ್ತಿದ್ದದ್ದು ಎರಡನೆಯ ವರ್ಷದ ಹೂಮಳೆಯ ಹೊತ್ತಿಗೆ ವಾರಕ್ಕೊಮ್ಮೆ ಬಂದು ಹೋಗುವಂತಾಯಿತು. ಆ ವರ್ಷ ತೋಟ ಬಿಳಿಯಾಗಿ ಘಮಘಮಿಸಿದಾಗ, ಕಳೆದ ವರ್ಷದ ಹೂವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ಎಂಬುದು ನೆನಪಾಯಿತು.

ನಿವೃತ್ತ ಶುಶ್ರೂಷಕಿ, ಹಾಸನ

ಕೀಮೋ ಕೊಡುವ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಕೆಲವು ಮಾತುಗಳನ್ನು ಹೇಳಲೇಬೇಕು.

ಅಮ್ಮಾ, ಬೆರಳು ಮರಗಟ್ಟಿರುವುದನ್ನು ಈ ಗುರುವಾರ, ಸೂಜಿ ಚುಚ್ಚುವುದಕ್ಕೆ ಮೊದಲೇ ವೈದ್ಯರಿಗೆ ಹೇಳಿ. ನೀವು ಮುಚ್ಚಿಟ್ಟ ಕಾರಣ ನನಗೆ ಅರ್ಥವಾಗುತ್ತದೆ. ನಿಮ್ಮ ಹಾಗೆ ಮುಚ್ಚಿಟ್ಟವರನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ, ಅವರಲ್ಲಿ ಕೆಲವರಿಗೆ ಆ ಜೋಮು ವರ್ಷಗಳವರೆಗೆ ಉಳಿದುಬಿಟ್ಟದ್ದನ್ನೂ ಕಂಡಿದ್ದೇನೆ. ಪ್ಯಾಕ್ಲಿಟ್ಯಾಕ್ಸೆಲ್ ನರಗಳ ತುದಿಗಳನ್ನು ಘಾಸಿಗೊಳಿಸುತ್ತದೆ. ಹುಕ್ಕು ಹಾಕಲಾಗದಷ್ಟು ಜೋಮಿದ್ದರೆ ಪ್ರಮಾಣ ಇಳಿಸುವುದೋ ಒಂದು ವಾರ ಮುಂದೂಡುವುದೋ ಔಷಧಿಯನ್ನೇ ಬದಲಿಸುವುದೋ ಎಂಬುದನ್ನು ವೈದ್ಯರು ಅಳೆದು ತೂಗಿ ನಿರ್ಧರಿಸುತ್ತಾರೆ. ಅದು ಚಿಕಿತ್ಸೆಯ ಭಾಗವೇ ಹೊರತು ಚಿಕಿತ್ಸೆಯಲ್ಲಿ ಆದ ಕೊರತೆಯಲ್ಲ. ಅಲ್ಲಿಯವರೆಗೆ ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬೇಡಿ, ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಮುಟ್ಟಬೇಡಿ, ಸ್ನಾನದ ನೀರಿನ ಬಿಸಿಯನ್ನು ಮಗಳು ನೋಡಲಿ.

ನಿಮ್ಮ ಬೆನ್ನುನೋವು ಯಾವ ದಿನ ಶುರುವಾಯಿತು ಎಂಬುದನ್ನು ನೆನಪು ಮಾಡಿಕೊಳ್ಳಿ. ಈ ಔಷಧಿ ಕೊಟ್ಟ ಒಂದೆರಡು ದಿನಗಳಲ್ಲಿ ಕೀಲು, ಸ್ನಾಯುಗಳು ನೋಯುವುದು, ಕೆಲವು ದಿನಗಳಲ್ಲಿ ತಾನಾಗಿ ಇಳಿಯುವುದು ಸಾಮಾನ್ಯ. ಕೊಪ್ಪದ ಅಕ್ಕನವರು ಹೇಳಿದಂತೆ ತಾರೀಖು ಬರೆದರೆ ಅದು ಗುರುವಾರದ ಹಿಂದೆಯೇ ಬರುತ್ತಿದೆಯೋ ಇಲ್ಲವೋ ನಿಮಗೇ ಕಾಣುತ್ತದೆ. ಗುರುವಾರ ರಾತ್ರಿ ನಿದ್ದೆ ಬಾರದಿರುವುದಕ್ಕೂ ಬರೀ ಭಯವೇ ಕಾರಣವಲ್ಲ. ಅಲರ್ಜಿಯಾಗದಿರಲೆಂದು ಈ ಔಷಧಿಗೆ ಮೊದಲು ಸಾಮಾನ್ಯವಾಗಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನಿದ್ದೆಯನ್ನು ಕೆಡಿಸುತ್ತದೆ. ರಾತ್ರಿ ಮೂರು ಗಂಟೆಗೆ ಹುಟ್ಟುವ ಯೋಚನೆಗಳಲ್ಲಿ ಅದರ ಪಾಲೂ ಇದೆ ಎಂದು ತಿಳಿದರೆ ಸ್ವಲ್ಪ ಸಮಾಧಾನವಾದೀತು. ಇದನ್ನೂ ವೈದ್ಯರಿಗೆ ಹೇಳಿ.

ಜ್ವರದ ವಿಷಯದಲ್ಲಿ ಮಾತ್ರ ಕಾಯಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ; 100.4 ಡಿಗ್ರಿ ಮುಟ್ಟಿದರೆ, ಅದು ನಡುರಾತ್ರಿಯಾಗಿದ್ದರೂ, ಜ್ವರದ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಬಿಳಿ ರಕ್ತಕಣಗಳು ಕುಗ್ಗಿರುವಾಗ ಸೋಂಕು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಹಾಗೆಯೇ, ಯಾರಾದರೂ ಪ್ರೀತಿಯಿಂದ ಅಮೃತಬಳ್ಳಿಯ ಕಷಾಯ ತಂದುಕೊಟ್ಟರೆ ವೈದ್ಯರನ್ನು ಕೇಳದೆ ಕುಡಿಯಬೇಡಿ. ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಪೆಟ್ ಸ್ಕ್ಯಾನ್ ಬಗ್ಗೆ ನಿಮ್ಮ ಭಾವನವರ ಕಾಳಜಿ ದೊಡ್ಡದು, ಆದರೆ ಸಲಹೆ ಸರಿಯಲ್ಲ. ತೊಂದರೆಯೇ ಇಲ್ಲದವರಿಗೆ ಪದೇ ಪದೇ ಸ್ಕ್ಯಾನ್ ಮಾಡಿಸುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಟಲಿಯಲ್ಲಿ ತಲಾ ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ನಿಯಮಿತವಾಗಿ ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್ ಮಾಡಿಸಿಕೊಂಡವರಿಗೂ ವೈದ್ಯರ ತಪಾಸಣೆ ಮತ್ತು ಮ್ಯಾಮೊಗ್ರಾಮ್ ಮಾತ್ರ ಮಾಡಿಸಿಕೊಂಡವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ, ಅನಂತರ ಆ ತಪಾಸಣೆಯ ಅಂತರವನ್ನು ಸ್ವಲ್ಪ ಹೆಚ್ಚಿಸುವುದು, ಮ್ಯಾಮೊಗ್ರಾಮ್ ಮಾತ್ರ ವರ್ಷಕ್ಕೊಮ್ಮೆ ಮಾಡಿಸುವುದು ಇಂದಿಗೂ ಒಪ್ಪಿತ ಕ್ರಮ. ಗಾಯದ ಗುರುತಿನಲ್ಲಿ, ಕಂಕುಳಲ್ಲಿ, ಕುತ್ತಿಗೆಯ ಬುಡದಲ್ಲಿ ಹೊಸ ಗಂಟು, ಬಿಡದ ಕೆಮ್ಮು, ಏದುಸಿರು, ರಾತ್ರಿ ಹೆಚ್ಚುವ ಮೂಳೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯೊಂದಿಗೆ ಬರುವ ಹೊಸ ತಲೆನೋವು: ಇವು ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬಾರದು. ಆಗ ಸ್ಕ್ಯಾನ್‌ಗೆ ಅರ್ಥವಿದೆ.

ಕೊಯ್ಲಿನ ಆ ಮೂರು ವಾರಗಳ ವಿಷಯ. ಅಡಿಕೆ ಗಾತ್ರದ ಗಂಟು ಅಷ್ಟಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ನಿಮ್ಮ ಮೂರು ವಾರದಿಂದ ನಿಮ್ಮ ಕಾಯಿಲೆಯ ಹಂತ ಬದಲಾಯಿತೆಂದು ಭಾವಿಸಲು ಕಾರಣವಿಲ್ಲ. ಆ ಭಾರವನ್ನು ದಯವಿಟ್ಟು ಇಳಿಸಿ.

ಭಯದಿಂದ ಊಟ, ನಿದ್ದೆ, ಮನೆಗೆಲಸ ಎಲ್ಲವೂ ನಿಂತುಹೋಗುವಂತಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರಲ್ಲಿ ಆರಂಭವಾಯಿತು, ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

ಅರಸೀಕೆರೆಯ ಓದುಗ

ಅಕ್ಕ, ನಾನು ರೋಗಿಯಲ್ಲ, ರೋಗಿಯ ಗಂಡ. ನಿಮಗಿಂತ ನಿಮ್ಮ ಮನೆಯವರಿಗೆ ಹೇಳಬೇಕೆಂದು ಬರೆಯುತ್ತಿದ್ದೇನೆ. ನನ್ನ ಹೆಂಡತಿ "ಮತ್ತೆ ಬಂದರೆ?" ಎಂದು ಬಾಯಿ ತೆರೆದಾಗಲೆಲ್ಲ ನಾನು "ಬಿಡ್ತು ಅನ್ನು, ಅಂಥ ಮಾತು ಆಡಬೇಡ, ಧೈರ್ಯವಾಗಿರು" ಎಂದು ತಡೆಯುತ್ತಿದ್ದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ. ಒಂದು ರಾತ್ರಿ ಅವಳು, "ನಿಮಗೆ ಕೇಳಿಸಿಕೊಳ್ಳುವುದಕ್ಕೇ ಇಷ್ಟು ಹೆದರಿಕೆಯಾದರೆ, ಇದನ್ನು ಒಳಗೆ ಇಟ್ಟುಕೊಂಡಿರುವ ನನಗೆ ಹೇಗಿರಬೇಕು?" ಎಂದಳು. ಅಂದಿನಿಂದ ಅವಳು ಹೇಳುವಾಗ ನಾನು ಸುಮ್ಮನೆ ಕುಳಿತು ಕೇಳುತ್ತೇನೆ, ಉತ್ತರ ಕೊಡುವುದಿಲ್ಲ. ಒಂದಿಷ್ಟು ಹೊತ್ತಾದ ಮೇಲೆ ಅವಳೇ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಾಳೆ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಸಕಲೇಶಪುರದ ಗೃಹಿಣಿ

ಮೂವರಿಗೂ ಹೇಗೆ ಕೃತಜ್ಞತೆ ಹೇಳಬೇಕೆಂದು ತಿಳಿಯುತ್ತಿಲ್ಲ. ನಿನ್ನೆ ಸಂಜೆ ನಮ್ಮ ಯಜಮಾನರಿಗೆ ಎಲ್ಲವನ್ನೂ ಓದಿ ಹೇಳಿದೆ. ಅರಸೀಕೆರೆಯ ಸಹೋದರರ ಮಾತು ಬಂದಾಗ ಅವರು ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು, "ಪೂರ್ತಿ ಹೇಳು, ಕೇಳುತ್ತೇನೆ" ಎಂದರು. ರಾತ್ರಿ ಹನ್ನೊಂದರವರೆಗೆ ಮಾತನಾಡಿದೆವು.

ಲೆಕ್ಕ ಹಾಕಿ ನೋಡಿದೆ: ಬೆನ್ನುನೋವು ಶುರುವಾದದ್ದು ಶನಿವಾರ. ಅದರ ಹಿಂದಿನ ವಾರದ ನೋವು ಯಾವಾಗ ಬಂದಿತ್ತೆಂದು ನೆನಪಿಲ್ಲ, ಆದ್ದರಿಂದ ಇವತ್ತಿನಿಂದ ಬರೆಯುತ್ತೇನೆ. ಜೋಮು, ನಿದ್ದೆ, ಮುಂದಿನ ಮಾತ್ರೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಫೈಲಿನ ಮೊದಲ ಹಾಳೆಗೆ ಪಿನ್ ಮಾಡಿದ್ದೇನೆ. ಪಿನ್ನನ್ನು ಮಗಳು ಚುಚ್ಚಿದಳು. ನಮ್ಮ ತೋಟದಲ್ಲೂ ಮಳೆಪುಸ್ತಕವಿದೆ, ಕೊಪ್ಪದ ಅಕ್ಕ. ಇವತ್ತಿನ ಸಾಲು: 2 ಇಂಚು 35 ಸೆಂಟ್. ಬೆನ್ನು, ಎಡಗಡೆ, ನಿನ್ನೆಗಿಂತ ಕಡಿಮೆ.