ಕಮಿಟ್ ಸಂದೇಶದ ಟ್ರೇಲರ್ ಸಾಲುಗಳು: ಕನ್ನಡ ಕೈಪಿಡಿಯಲ್ಲಿ ಮೊದಲು ಏನನ್ನು ಹೇಳಬೇಕು?

ಕೋಟೆಗುಡ್ಡ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕಟಿಂಗ್‌ನಿಂದ ವಾಷಿಂಗ್‌ವರೆಗೆ ಮಾಲು ಯಾರ ಬಳಿ ಇದೆ ಎಂಬ ಲೆಕ್ಕವನ್ನು ಇಡುವ ತಂತ್ರಾಂಶವೊಂದನ್ನು ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ. ಘಟಕದವರು ಫೋನಿನಲ್ಲಿ ಹೇಳುವ ದೂರಿಗೆ ಒಂದು ಸಂಖ್ಯೆ ಕೊಟ್ಟು, ಅದನ್ನು ಸರಿಪಡಿಸಿದ ಕಮಿಟ್‌ನ (ತಂತ್ರಾಂಶದ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ನಲ್ಲಿ ಸೇರಿದ ಒಂದು ಬದಲಾವಣೆಯ) ಸಂದೇಶದ ಕೊನೆಯಲ್ಲಿ ಆ ಸಂಖ್ಯೆಯೂ ಪರಿಶೀಲಿಸಿದವರ ಹೆಸರೂ ಇರಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಕೊನೆಯಲ್ಲಿ ‘ಕೀಲಿ: ಮೌಲ್ಯ’ ರೂಪದಲ್ಲಿ ಬರುವ ಇಂಥ ಸಾಲುಗಳೇ ಟ್ರೇಲರ್‌ಗಳು. ಹೊಸದಾಗಿ ಸೇರುವವರಿಗಾಗಿ, ಈ ಸಾಲುಗಳನ್ನು ಓದುವ ಮತ್ತು ಸೇರಿಸುವ ‘ಗಿಟ್ ಇಂಟರ್‌ಪ್ರಿಟ್-ಟ್ರೇಲರ್ಸ್’ ಉಪಕರಣದ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಉದಾಹರಣೆಗಳನ್ನು ಸಿದ್ಧಪಡಿಸುವಾಗ ಒಂದು ವಿಚಿತ್ರ ಕಂಡಿತು. ‘ದೂರು-ಸಂಖ್ಯೆ: 42’ ಎಂದು ಕನ್ನಡ ಲಿಪಿಯಲ್ಲೇ ಬರೆದು, ಅದರ ಕೆಳಗೆ ಪರಿಶೀಲಕರ ‘ರಿವ್ಯೂಡ್-ಬೈ’ ಸಾಲನ್ನು ಸೇರಿಸಿ, ಟ್ರೇಲರ್‌ಗಳನ್ನಷ್ಟೇ ತೋರಿಸುವ ‘--ಪಾರ್ಸ್’ ಆಯ್ಕೆಯೊಂದಿಗೆ ಓದಿಸಿದರೆ ಎರಡರಲ್ಲಿ ಒಂದು ಸಾಲೂ ಸಿಗುವುದಿಲ್ಲ. ಅದೇ ಗುಂಪಿಗೆ ‘ಸೈನ್ಡ್-ಆಫ್-ಬೈ’ ಸೇರಿಸಿದ ಕೂಡಲೇ ರಿವ್ಯೂಡ್-ಬೈ ಕಾಣಿಸಿಕೊಳ್ಳುತ್ತದೆ, ದೂರಿನ ಸಾಲು ಮಾತ್ರ ಆಗಲೂ ಕಾಣುವುದಿಲ್ಲ. ಇದಕ್ಕೆ ಕಾರಣವೇನು, ಮತ್ತು ಇಂಥದ್ದನ್ನು ಕೈಪಿಡಿಯ ಯಾವ ಭಾಗದಲ್ಲಿ ಹೇಳುವುದು ಸೂಕ್ತ?

ಕೃಷ್ಣಾತೀರ, ರಾಯಚೂರು:

ಟ್ರೇಲರ್‌ನ ಕೀಲಿಯಲ್ಲಿ, ಅಂದರೆ ಕೋಲನ್‌ಗೆ ಮೊದಲಿನ ಭಾಗದಲ್ಲಿ, ಆಸ್ಕಿ (ರೋಮನ್ ಲಿಪಿಯ) ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ ಇರಬಹುದು. ಕನ್ನಡ ಲಿಪಿಯ ಕೀಲಿ ಇರುವ ಸಾಲನ್ನು ಗಿಟ್ ಟ್ರೇಲರ್ ಎಂದು ಪರಿಗಣಿಸದೆ ಸಾಮಾನ್ಯ ವಾಕ್ಯವೆಂದು ಬಿಟ್ಟುಬಿಡುತ್ತದೆ. ಕೋಲನ್ ನಂತರದ ಮೌಲ್ಯಕ್ಕೆ ಈ ಕಟ್ಟುಪಾಡಿಲ್ಲವಾದ್ದರಿಂದ, ಅಲ್ಲಿ ಘಟಕದ ಹೆಸರನ್ನೋ ಪರಿಶೀಲಕರ ಹೆಸರನ್ನೋ ಕನ್ನಡದಲ್ಲಿ ನಿಶ್ಚಿಂತೆಯಿಂದ ಬರೆಯಬಹುದು.

ಎರಡನೆಯ ವಿಚಿತ್ರಕ್ಕೆ ಕಾರಣ ಬೇರೆ. ಸಂದೇಶದ ಕೊನೆಯಲ್ಲಿ, ಖಾಲಿ ಸಾಲೊಂದರ ನಂತರ ಬರುವ ಗುಂಪನ್ನು ಗಿಟ್ ನೋಡುತ್ತದೆ. ಆ ಗುಂಪಿನ ಎಲ್ಲ ಸಾಲುಗಳೂ ಟ್ರೇಲರ್‌ಗಳಾಗಿರಬೇಕು. ಇಲ್ಲವಾದರೆ ಗಿಟ್ ತಾನೇ ಹಾಕುವ ಅಥವಾ ನಾವು ಸಂರಚನೆಯಲ್ಲಿ ನಮೂದಿಸಿದ ಟ್ರೇಲರ್ ಒಂದಾದರೂ ಇದ್ದು, ಜೊತೆಗೆ ಕನಿಷ್ಠ ಶೇ. 25ರಷ್ಟು ಸಾಲುಗಳು ಟ್ರೇಲರ್‌ಗಳಾಗಿರಬೇಕು. ನಿಮ್ಮ ದೂರಿನ ಸಾಲು ಟ್ರೇಲರ್ ಅಲ್ಲವಾದ್ದರಿಂದ ಗುಂಪು ಮಿಶ್ರವಾಯಿತು. ರಿವ್ಯೂಡ್-ಬೈ ಗಿಟ್ ತಾನೇ ಹಾಕುವ ಸಾಲಲ್ಲ, ಹಾಗಾಗಿ ಇಡೀ ಗುಂಪು ತಿರಸ್ಕೃತವಾಯಿತು. ಸೈನ್ಡ್-ಆಫ್-ಬೈ ಗಿಟ್ ತಾನೇ ಹಾಕುವ ಸಾಲಾದ್ದರಿಂದ, ಅದು ಬಂದಾಗ ಗುಂಪಿಗೆ ಮಾನ್ಯತೆ ಸಿಕ್ಕಿತು. ಮಾನ್ಯತೆ ಸಿಗದ ಗುಂಪಿಗೆ ಹೊಸ ಟ್ರೇಲರ್ ಸೇರಿಸಲು ಹೋದರೆ, ಗಿಟ್ ಖಾಲಿ ಸಾಲು ಬಿಟ್ಟು ಕೆಳಗೆ ಹೊಸ ಗುಂಪನ್ನೇ ತೆರೆಯುತ್ತದೆ. ಆಗ ಮೇಲಿದ್ದ ರಿವ್ಯೂಡ್-ಬೈ ಶಾಶ್ವತವಾಗಿ ಲೆಕ್ಕದಿಂದ ಹೊರಗುಳಿಯುತ್ತದೆ.

ಆದ್ದರಿಂದ ಕೀಲಿಯನ್ನು ರೋಮನ್ ಲಿಪಿಯಲ್ಲಿ ಇಡಿ, ಕೈಪಿಡಿಯ ಮೊದಲ ಪುಟದಲ್ಲೇ ಈ ಗುರುತಿಸುವ ನಿಯಮವನ್ನು ಬರೆಯಿರಿ. ಆಯ್ಕೆಗಳ ಪಟ್ಟಿಯಿಂದ ಆರಂಭವಾಗುವ ದಸ್ತಾವೇಜನ್ನು ಓದಿದವರಿಗೆ ಸಾಲು ಏಕೆ ಮಾಯವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಭತ್ತದ ಕಣಜ, ಗಂಗಾವತಿ:

ರಾಯಚೂರಿನವರ ವಿವರಣೆ ಸರಿಯಾಗಿದೆ, ಆದರೆ ಹೊಸಬರ ಮುಂದೆ ಮೊದಲ ಪುಟದಲ್ಲೇ ಶೇ. 25ರ ನಿಯಮವನ್ನು ಇಡುವುದನ್ನು ನಾನು ಒಪ್ಪಲಾರೆ. ಗಿಟ್ 2.2ರಲ್ಲಿ, ಅಂದರೆ 2014ರಲ್ಲಿ ಈ ಉಪಕರಣ ಬಂದಾಗ ಬೇರೆ ದಾರಿ ಇರಲಿಲ್ಲ, 2021ರ 2.32ರಿಂದ ‘ಗಿಟ್ ಕಮಿಟ್’ ಆಜ್ಞೆಗೇ ‘--ಟ್ರೇಲರ್’ ಆಯ್ಕೆ ಸಿಕ್ಕಿದೆ. ದಿನನಿತ್ಯ ಕಮಿಟ್ ಮಾಡುವವರಿಗೆ ಅದೊಂದು, ಜೊತೆಗೆ ‘ಕೀಲಿ ರೋಮನ್‌ನಲ್ಲಿರಲಿ, ಗುಂಪಿನ ನಡುವೆ ಬೇರೆ ವಾಕ್ಯ ಬರೆಯಬೇಡಿ’ ಎಂಬ ಸೂಚನೆ ಸಾಕು. ಉಳಿದದ್ದು ಹುಕ್ (ಕಮಿಟ್‌ನಂಥ ಹಂತಗಳಲ್ಲಿ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್) ಬರೆಯುವವರ ಪುಟಕ್ಕೆ ಸೇರಿದ್ದು.

ಆ ಪುಟದಲ್ಲಿ ಎರಡು ಸಂಗತಿಗಳನ್ನು ವಿಸ್ತಾರವಾಗಿ ಬರೆಯಿರಿ. ‘--ಇನ್-ಪ್ಲೇಸ್’ ಕೊಡದಿದ್ದರೆ ಫಲಿತಾಂಶವು ಪರದೆಗೆ ಬರುತ್ತದೆಯೇ ಹೊರತು ಕಡತ ಬದಲಾಗುವುದಿಲ್ಲ. ಇನ್ನೊಂದು ಹೆಚ್ಚು ಕಾಡುವಂಥದ್ದು: ಕಮಿಟ್-ಮೆಸೇಜ್ ಹುಕ್ ಈಗಾಗಲೇ ಮಾಡಿದ ಕಮಿಟ್ ಅನ್ನು ತಿದ್ದುವಾಗಲೂ ಓಡುತ್ತದೆ, ಮತ್ತು ಸೇರಿಸುವ ಮೂಲ ನಿಯಮವು ಪಕ್ಕದ ಸಾಲನ್ನು ಮಾತ್ರ ಹೋಲಿಸಿ ನೋಡುತ್ತದೆ. ದೂರಿನ ಸಾಲಿನ ಕೆಳಗೆ ಪರಿಶೀಲಕರ ಸಾಲು ಬಂದಿದ್ದರೆ, ಅದೇ ದೂರು ಕೊನೆಯಲ್ಲಿ ಮತ್ತೊಮ್ಮೆ ಸೇರುತ್ತದೆ. ಸಂರಚನೆಯಲ್ಲಿ ‘ಇಫ್-ಎಕ್ಸಿಸ್ಟ್ಸ್’ ಮೌಲ್ಯವನ್ನು ‘ಆಡ್-ಇಫ್-ಡಿಫರೆಂಟ್’ ಎಂದು ಬದಲಿಸಿದರೆ ಇಡೀ ಗುಂಪನ್ನು ನೋಡಿ ಸೇರಿಸುತ್ತದೆ. ಪ್ರತಿ ಉದಾಹರಣೆಗೂ ಹಿಂದಿನ ಸಂದೇಶ ಮತ್ತು ಬದಲಾದ ಸಂದೇಶ ಎರಡನ್ನೂ ಪೂರ್ತಿಯಾಗಿ, ಖಾಲಿ ಸಾಲುಗಳ ಸಮೇತ ಅಚ್ಚಿಸಿ; ಈ ಉಪಕರಣದಲ್ಲಿ ಖಾಲಿ ಸಾಲಿಗೂ ಅರ್ಥವಿದೆ.

ಕೋಟೆಗುಡ್ಡ, ಬಳ್ಳಾರಿ:

ಇಬ್ಬರಿಗೂ ಧನ್ಯವಾದಗಳು. ಪುಟಗಳನ್ನು ಎರಡಾಗಿ ಒಡೆಯುತ್ತೇನೆ. ಆದರೆ ಗುರುತಿಸುವ ನಿಯಮವನ್ನು ಶೇಕಡಾವಾರು ಲೆಕ್ಕ ಹೇಳದೆ, ಒಂದು ತಪ್ಪು ಸಂದೇಶ ಮತ್ತು ಒಂದು ಸರಿಯಾದ ಸಂದೇಶದ ಮೂಲಕ ಮೊದಲ ಪುಟದಲ್ಲೇ ತೋರಿಸುತ್ತೇನೆ. ಕನ್ನಡ ಕೀಲಿಯೊಂದಿಗೆ ಈಗಾಗಲೇ ಸೇರಿಹೋಗಿರುವ ಹಳೆಯ ಕಮಿಟ್‌ಗಳನ್ನು ಏನು ಮಾಡುವುದು?

ಕೃಷ್ಣಾತೀರ, ರಾಯಚೂರು:

ಅವುಗಳನ್ನು ಮುಟ್ಟಬೇಡಿ. ಸಂದೇಶ ತಿದ್ದಿದರೆ ಆ ಕಮಿಟ್‌ನ ಮತ್ತು ಅದರ ನಂತರದ ಎಲ್ಲ ಕಮಿಟ್‌ಗಳ ಗುರುತು ಬದಲಾಗಿ, ಎಲ್ಲರ ಪ್ರತಿಗಳೂ ತಾಳೆ ತಪ್ಪುತ್ತವೆ. ‘ಗಿಟ್ ಲಾಗ್ --ಗ್ರೆಪ್’ ಕನ್ನಡ ಪಠ್ಯವನ್ನೂ ಹುಡುಕುತ್ತದೆ. ಹಳೆಯ ದೂರುಗಳಿಗೆ ಅದನ್ನು ಬಳಸಿ, ಹೊಸ ಕೀಲಿ ಯಾವ ದಿನಾಂಕದಿಂದ ಜಾರಿಗೆ ಬಂತೆಂಬುದನ್ನು ಕೈಪಿಡಿಯಲ್ಲಿ ನಮೂದಿಸಿ.