ಆ ಲೈಟ್ ಯಾಕೆ ಆರಲಿಲ್ಲ? (ಕಡಲ ರಸ್ತೆ ನಿವಾಸಿಗಳ ಗುಂಪು)

21ನೇ ಮನೆ, ಬೆಳಿಗ್ಗೆ 5:12
ಎದ್ದವರು ಎದ್ದ ಕೂಡಲೇ ಓದಿ. ರಾತ್ರಿ ಗಾಳಿಮರದ ಹತ್ತಿರದ ಗೂಡಿನಿಂದ ಆಮೆ ಮರಿಗಳು ಹೊರಗೆ ಬಂದಿವೆ. ಕಡಲಿನ ಕಡೆ ಹೋದ ಒಂದೇ ಒಂದು ಹೆಜ್ಜೆಗುರುತು ಮರಳಿನಲ್ಲಿಲ್ಲ. ಎಲ್ಲವೂ ನಮ್ಮ ಫ್ಲಡ್‌ಲೈಟ್ ಕಡೆಗೇ ತಿರುಗಿವೆ. ಕೆಲವು ಬೈಕಿನಡಿ ಹೋದವು, ಕೆಲವನ್ನು ನಾಯಿಗಳು ಎಳೆದುಕೊಂಡು ಹೋದವು, ಕೆಲವು ಚರಂಡಿಗೆ ಬಿದ್ದವು. ಎಣಿಸುವ ಮನಸ್ಸಾಗಲಿಲ್ಲ. ಚರಂಡಿ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮರಿ ಇನ್ನೂ ಮುಂಗಾಲು ಆಡಿಸುತ್ತಿತ್ತು. ಅಂಗೈಯಷ್ಟೂ ಇಲ್ಲ. ಹೊಟ್ಟೆಯ ಮೇಲೆ ಭಂಡಾರದ (ಮೊಟ್ಟೆಯ ಹಳದಿ ಭಾಗದ) ಚೀಲ ಅಂಟಿದ್ದ ಗುರುತು ಕೂಡ ಮಾಸಿರಲಿಲ್ಲ.

ಗೂಡಿಗೆ ಬೇಲಿ ಕಟ್ಟಿದವರು ನಾವೇ. ತರಬೇತಿ ಇಟ್ಟವರೂ ನಾವೇ. "ಕತ್ತಲಾದ ಮೇಲೆ ಕಡಲ ಕಡೆಯ ಲೈಟ್ ಆರಿಸಿ" ಎಂಬ ಹಾಳೆ ನೋಟಿಸ್ ಬೋರ್ಡಿನಲ್ಲಿ ಇವತ್ತಿಗೂ ಇದೆ. ಹಾಗಿದ್ದರೂ ಲೈಟ್ ಉರಿಯುತ್ತಲೇ ಇತ್ತು. ಯಾಕೆ? ಉತ್ತರ ಬೇಕು ನನಗೆ.

ಕಾರ್ಯದರ್ಶಿ, 6:40
ಟೀಚರ್, ನೋಡಿ ಬಹಳ ಬೇಜಾರಾಯಿತು. ತರಬೇತಿ ಚೆನ್ನಾಗಿಯೇ ಆಗಿತ್ತಲ್ಲ. ಮಕ್ಕಳ ಚಿತ್ರ ಸ್ಪರ್ಧೆಗೂ ಒಳ್ಳೆ ಸ್ಪಂದನೆ ಸಿಕ್ಕಿತ್ತು.

6ನೇ ಮನೆ, 6:52
ಮೊದಲೇ ಹೇಳಿಬಿಡುತ್ತೇನೆ, ಆ ಲೈಟ್ ಹಾಕಿಸಿದ್ದು ನಾನು. ಸುಮ್ನೆ ಹಾಕಿಸಿದ್ದಲ್ಲ. ಬೈಕ್ ಕಳವಾದಾಗ ಇದೇ ಗುಂಪಿನಲ್ಲಿ ಬೆಳಕು ಬೇಕು ಬೆಳಕು ಬೇಕು ಎಂದು ಕೂಗಿದವರು ಯಾರು? ಓಡಾಡಿ ಕಂಬ ನಿಲ್ಲಿಸಿದ್ದು ಯಾರು?

6ನೇ ಮನೆ, 6:53
ಹೆಂಗಸರು ಮಕ್ಕಳು ರಾತ್ರಿ ಓಡಾಡುವ ರಸ್ತೆ ಇದು.

6ನೇ ಮನೆ, 6:55
ಆಮೆ ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ಒಂದು ಗೂಡು ಹೋಯಿತು ಅಂತ ರಸ್ತೆಯನ್ನೇ ಕತ್ತಲು ಮಾಡಲು ಆಗುವುದಿಲ್ಲ.

21ನೇ ಮನೆ, 7:04
ರಾಯರೇ, ಉಳಿಯುವುದು ಅಷ್ಟು ಕಡಿಮೆ ಆದ್ದರಿಂದಲೇ ಅದು ನೂರು ಇಡುವುದು. ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ. ಏಡಿ, ಕಾಗೆ, ಮೀನು ಎಲ್ಲದರಿಂದ ತಪ್ಪಿಸಿಕೊಳ್ಳಬೇಕು. ಅದರ ಮೇಲೆ ನಮ್ಮ ಲೈಟ್ ಬೇರೆ ಬೇಕಾ?

11ನೇ ಮನೆ, 7:10
ಪಾಪ, ಮರಿಗಳಿಗೂ ನಮ್ಮ ಹಾಗೆ ಗೂಗಲ್ ಮ್ಯಾಪ್ ಕೈಕೊಟ್ಟಿದೆ 😅

21ನೇ ಮನೆ, 7:11
ಇವತ್ತು ಇದು ಬೇಡಪ್ಪ.

11ನೇ ಮನೆ, 7:12
ಸಾರಿ ಟೀಚರ್. ಆದರೆ ಒಂದು ಅರ್ಥವಾಗಲಿಲ್ಲ. ಕಡಲಿನ ಸದ್ದು ಇಲ್ಲೇ ಕೇಳುತ್ತದೆ. ಅವು ಲೈಟ್ ಕಡೆ ಯಾಕೆ ಬರುತ್ತವೆ?

21ನೇ ಮನೆ, 7:20
ಅವು ದಾರಿ ಹುಡುಕುವುದು ಕಣ್ಣಿನಿಂದ. ಮರಳು ತಣ್ಣಗಾದ ಮೇಲೆ ರಾತ್ರಿ ಹೊರಗೆ ಬರುತ್ತವೆ. ಹಿಂದೆ ದಿಬ್ಬ, ಮರ ಕಪ್ಪಗೆ ಎತ್ತರಕ್ಕೆ ಕಾಣುತ್ತದೆ. ಮುಂದೆ ನೀರಿನ ಮೇಲೆ ಆಕಾಶದ ಬೆಳಕು ತಗ್ಗಿನಲ್ಲಿ ಕಾಣುತ್ತದೆ. ಕಪ್ಪನ್ನು ಬಿಟ್ಟು ಬೆಳಕಿನ ಕಡೆ ಹೋಗುವುದು ಹುಟ್ಟುಗುಣ. ಮನುಷ್ಯ ಲೈಟ್ ಹಾಕುವವರೆಗೂ ಆ ಲೆಕ್ಕ ಸರಿಯಾಗಿಯೇ ಇತ್ತು. ದೊಡ್ಡ ಆಮೆಗೂ ಇದೇ ಕಷ್ಟ. ಕಿನಾರೆ ಬೆಳಗುತ್ತಿದ್ದರೆ ಮೊಟ್ಟೆ ಇಡದೆ ವಾಪಸ್ ಹೋಗುವುದೂ ಉಂಟು.

9ನೇ ಮನೆ, 7:31
ಬಂದ ಹಾಗೆ ಕಳಿಸಿದ್ದು 🙏🙏 ಕಡಲಾಮೆ ಮರಿ ಸಿಕ್ಕರೆ ತಕ್ಷಣ ನೀರು ತುಂಬಿದ ಬಕೆಟ್‌ಗೆ ಹಾಕಿ. ಒಂದು ದಿನ ಮನೆಯಲ್ಲಿ ಸಾಕಿ, ಶಕ್ತಿ ಬಂದ ಮೇಲೆ ಬಿಡಿ. ಹತ್ತು ಗುಂಪಿಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

21ನೇ ಮನೆ, 7:34
ಅಣ್ಣಾ, ದಯವಿಟ್ಟು ಅಳಿಸಿ. ಇದು ಪೂರ್ತಿ ತಪ್ಪು. ಮೊದಲ ದಿನ ನಿಲ್ಲದೆ ಈಜಿ ದಡದ ಅಪಾಯ ದಾಟಲು ಬೇಕಾದ ಶಕ್ತಿ ಹೊಟ್ಟೆಯಲ್ಲಿ ಉಳಿದ ಭಂಡಾರದಿಂದಲೇ ಬರುತ್ತದೆ. ಬಕೆಟ್ ನೀರಿನಲ್ಲಿ ಹಾಕಿದರೆ ಅಲ್ಲೇ ಈಜಿ ಈಜಿ ಅದನ್ನು ಮುಗಿಸಿಕೊಳ್ಳುತ್ತವೆ. ಬಕೆಟ್ ತಳದಲ್ಲಿ ಸ್ವಲ್ಪ ಒದ್ದೆ ಮರಳು ಸಾಕು. ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಹೇಳಿದ ಹಾಗೆ ಲೈಟ್ ಇಲ್ಲದ ಕಡೆ, ಅದೇ ರಾತ್ರಿ, ನೀರಿನಿಂದ ಸ್ವಲ್ಪ ಹಿಂದೆ ಬಿಡಬೇಕು. ನಡೆದೇ ಹೋಗಲಿ. ಮೊಬೈಲ್ ಟಾರ್ಚ್ ಹಾಕಬೇಡಿ, ಸೆಲ್ಫಿ ಬೇಡ. ಇದೆಲ್ಲ ತರಬೇತಿಯಲ್ಲಿ ಹೇಳಿದ್ದೇ.

9ನೇ ಮನೆ, 7:36
ತರಬೇತಿಗೆ ನಾನು ಬಂದಿರಲಿಲ್ಲಮ್ಮ. ಅಳಿಸಿದೆ.

17ನೇ ಮನೆ, 7:58
ನಮ್ಮಲ್ಲೂ ಯಾರೂ ಬಂದಿರಲಿಲ್ಲ ಟೀಚರ್. ಭಾನುವಾರ ಬೆಳಿಗ್ಗೆ ಇಟ್ಟಿದ್ದಿರಿ. ಅದು ನಮಗೆ ಬೋಟ್ ಬಂದು ಮೀನು ಇಳಿಸುವ ಹೊತ್ತು. ಕಡಲಿಗೆ ಹೋಗುವ ಒಬ್ಬರನ್ನೂ ಕರೆಯಲಿಲ್ಲ. ಬಲೆಗೆ ಆಮೆ ಬೀಳುವುದು ನಮಗೆ. ಕಿನಾರೆಯಲ್ಲಿ ಹೊಸ ಗುರುತು ಮೊದಲು ಕಾಣುವುದೂ ನಮಗೇ.

6ನೇ ಮನೆ, 8:02
ಅಂದರೆ ಆಮೆ ಸಾಯುವುದು ಬಲೆಯಿಂದ. ಲೈಟ್ ಬಗ್ಗೆ ಯಾಕೆ ಗಲಾಟೆ?

17ನೇ ಮನೆ, 8:09
ಬಲೆಯಿಂದಲೂ ಸಾಯುತ್ತವೆ, ಇಲ್ಲ ಅನ್ನುವುದಿಲ್ಲ. ಆಮೆ ಉಸಿರಾಡಲು ಮೇಲೆ ಬರಲೇಬೇಕು. ಬೋಟ್ ಎಳೆದುಕೊಂಡು ಹೋಗುವ ಟ್ರಾಲ್ ಬಲೆ ತುಂಬಾ ಹೊತ್ತು ಕೆಳಗಿದ್ದರೆ ಒಳಗೇ ಮುಳುಗಿ ಸಾಯುತ್ತದೆ. ಎಷ್ಟೋ ಸಲ ಸತ್ತ ಹಾಗೆ ಕಾಣುತ್ತದೆ, ಆದರೆ ಜೀವ ಇರುತ್ತದೆ. ತಕ್ಷಣ ನೀರಿಗೆ ಎಸೆಯಬಾರದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗ ಸ್ವಲ್ಪ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಇಡಬೇಕು. ನಮ್ಮ ಹುಡುಗನಿಗೆ ಇದನ್ನು ಬೇರೆ ಊರಿನ ಬೋಟಿನವರು ಹೇಳಿಕೊಟ್ಟರು. ನಮ್ಮ ಸಂಘ ಅಲ್ಲ.

21ನೇ ಮನೆ, 8:21
ಈ ಮಾತು ಎಲ್ಲರೂ ಎರಡು ಸಲ ಓದಬೇಕು. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಬೇಟೆ ನಿಂತಿದ್ದು ಬರೀ ಕಾನೂನಿನಿಂದಲ್ಲ. 2001ರಲ್ಲಿ ರಕ್ಷಣೆ ಸಿಕ್ಕಿತು, ನಿಜ. ಆದರೆ ಬಲೆ ಕತ್ತರಿಸಿ ಆ ಮೀನನ್ನು ಬಿಟ್ಟಿದ್ದು ಮೀನುಗಾರರು. ಅವರ ಹತ್ತಿರ ಹೋಗಿ ಮಾತಾಡಿದರು, ಹಾಳಾದ ಬಲೆಗೆ ಪರಿಹಾರ ಕೊಟ್ಟರು. ಚೆನ್ನೈನಲ್ಲಿ ವಿದ್ಯಾರ್ಥಿಗಳ ಕಡಲಾಮೆ ಜಾಲ 1988ರಿಂದ ರಾತ್ರಿ ಕಿನಾರೆ ನಡೆಯುತ್ತಿದೆ. ಒಡಿಶಾದ ಋಷಿಕುಲ್ಯದಲ್ಲಿ ದಾರಿ ತಪ್ಪಿದ ಮರಿಗಳನ್ನು ಊರಿನವರೇ ಹೆಕ್ಕಿ ಕಡಲಿಗೆ ಬಿಡುತ್ತಾರೆ. ಕೆಲಸ ಯಾರ ಕೈಯಲ್ಲಿದೆಯೋ ಅವರಿಗೆ ಕಲಿಸಬೇಕು. ನಾವು ಕಲಿಸಿದ್ದು ಚಪ್ಪಾಳೆ ತಟ್ಟುವವರಿಗೆ.

ಕಾರ್ಯದರ್ಶಿ, 8:25
ಹಾಗೆಲ್ಲ ಹೇಳಬೇಡಿ ಟೀಚರ್. ಬಹಳ ಜನ ಶ್ರಮ ಹಾಕಿದ್ದಾರೆ.

21ನೇ ಮನೆ, 8:27
ಶ್ರಮದ ಬಗ್ಗೆ ನಾನು ಮಾತಾಡಲಿಲ್ಲ. ರಾತ್ರಿ ವಾಚ್‌ಮನ್ ತರಬೇತಿಯಲ್ಲಿ ಇದ್ದರಾ? ಅಷ್ಟು ಹೇಳಿ.

6ನೇ ಮನೆ, 8:30
ವಾಚ್‌ಮನ್‌ಗೆ ಕಾಯುವ ಕೆಲಸ. ಪಾಠ ಕೇಳುವುದಲ್ಲ.

6ನೇ ಮನೆ, 8:31
ಮತ್ತೆ, ಆ ಕಡೆಯ ಹೋಟೆಲಿನ ಲೈಟ್ ಕಾಣಲಿಲ್ಲವಾ ಯಾರಿಗೂ? ಹೊರಗಿಂದ ಬಂದು ರಾತ್ರಿಯೆಲ್ಲ ಪಾರ್ಟಿ ಮಾಡುವವರನ್ನು ಕೇಳಿ ಮೊದಲು.

6ನೇ ಮನೆ, 8:33
ಮತ್ತೆ ನಾಯಿ. ನಾಯಿಗೆ ದಿನಾ ಊಟ ಹಾಕುವವರು ಇದೇ ಗುಂಪಿನಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ.

3ನೇ ಮನೆ, 8:35
ನನಗೇ ಹೇಳಿದ್ದು ಅಂತ ಗೊತ್ತು ರಾಯರೇ. ಹೊಟ್ಟೆ ತುಂಬಿದ ನಾಯಿ ಗೂಡು ಅಗೆಯುವುದಿಲ್ಲ. ಕಸ ಕಿನಾರೆಯಲ್ಲಿ ಸುರಿದು ನಾಯಿಗಳನ್ನು ಅಲ್ಲಿಗೆ ಕರೆದದ್ದು ಯಾರು?

17ನೇ ಮನೆ, 8:38
ಅಕ್ಕಾ, ಹೊಟ್ಟೆ ತುಂಬಿದ್ದರೂ ಅಗೆಯುತ್ತವೆ. ನಾನೇ ನೋಡಿದ್ದೇನೆ. ಊಟ ಹಾಕಿ, ಆದರೆ ಕಿನಾರೆಯ ಹತ್ತಿರ ಬೇಡ.

3ನೇ ಮನೆ, 8:39
ಸರಿ, ಎಲ್ಲಿ ಹಾಕಲಿ? ಜಾಗ ತೋರಿಸಿ.

11ನೇ ಮನೆ, 8:47
ಲೈಟ್ ಪೂರ್ತಿ ಆರಿಸುವುದು ಬೇಡ ಅಂದರೆ ಹಳದಿ ಬಲ್ಬ್ ಹಾಕಬಹುದಲ್ವಾ?

21ನೇ ಮನೆ, 8:55
ಹಾಕಬಹುದು, ಸರಿಯಾದ್ದು ಆಗಬೇಕು. ಬಿಳಿ ಮತ್ತು ನೀಲಿ ಬೆಳಕು ಅವುಗಳನ್ನು ಜಾಸ್ತಿ ಸೆಳೆಯುತ್ತದೆ. 560 ನ್ಯಾನೊಮೀಟರ್‌ಗಿಂತ ಉದ್ದದ ತರಂಗ ಇರುವ ಅಂಬರ್ (ಕಿತ್ತಳೆ ಮಿಶ್ರಿತ ಹಳದಿ) ಅಥವಾ ಕೆಂಪು ಎಲ್‌ಇಡಿ ಆದರೆ ತೊಂದರೆ ಕಡಿಮೆ. ಬಿಳಿ ಬಲ್ಬಿಗೆ ಹಳದಿ ಗಾಜು ಹಾಕಿದರೆ ಸಾಲದು. ಕಂಬ ಗಿಡ್ಡವಾಗಿರಬೇಕು, ಕಡಲ ಕಡೆಗೆ ಮರೆ ಇರಬೇಕು, ಬೆಳಕು ರಸ್ತೆ ಮೇಲೆ ಮಾತ್ರ ಬೀಳಬೇಕು. ಆಗ ಬೈಕೂ ಕಾಣುತ್ತದೆ, ಹೆಂಗಸರೂ ಧೈರ್ಯವಾಗಿ ನಡೆಯಬಹುದು. ರಾಯರು ಕೇಳಿದ್ದೂ ಅದೇ ಅಲ್ವಾ?

6ನೇ ಮನೆ, 8:58
ಖರ್ಚು ಯಾರು ಕೊಡುತ್ತಾರೆ? ಮೊದಲು ನಾಯಿ ವಿಷಯ ಮುಗಿಸಿ. ಮೊನ್ನೆ ಪೇಪರ್ ಹಾಕುವ ಹುಡುಗನಿಗೆ ಕಚ್ಚಿದೆ.

14ನೇ ಮನೆ, 9:01
ಹೌದು. ನಮ್ಮ ಮಗು ಸೈಕಲ್ ತೆಗೆಯಲು ಹೆದರುತ್ತಿದೆ.

19ನೇ ಮನೆ, 9:02
ಚರಂಡಿ ಜಾಲರಿ ಕೂಡ ಮುರಿದಿದೆ. ಬೆಳಿಗ್ಗೆ ಟೀಚರ್ ಹಾಕಿದ ಫೋಟೋದಲ್ಲೇ ಕಾಣುತ್ತಿದೆ.

9ನೇ ಮನೆ, 9:03
ಶುಭೋದಯ 🌹 ನಗು ನಿಮ್ಮದಾಗಲಿ, ದಿನ ಶುಭವಾಗಲಿ.

17ನೇ ಮನೆ, 9:15
ಈಗಷ್ಟೇ ವಾಚ್‌ಮನ್ ಹತ್ತಿರ ಮಾತಾಡಿ ಬಂದೆ. ಆಮೆ ಗೂಡು ಇರುವುದು ಅವರಿಗೆ ಗೊತ್ತು, ನಾಯಿ ಓಡಿಸುತ್ತಲೂ ಇದ್ದರು. ಲೈಟ್ ಆರಿಸಬೇಕು ಎಂದು ಯಾರೂ ಹೇಳಲಿಲ್ಲವಂತೆ. ನೋಟಿಸ್ ಬೋರ್ಡ್ ಹಾಳೆಯನ್ನು ಓದಲು ಅವರಿಗೆ ಬರುವುದಿಲ್ಲ. ಸ್ವಿಚ್ ಬಾಕ್ಸಿಗೆ ಬೀಗ ಇದೆ, ಕೀ ಅವರ ಹತ್ತಿರ ಇಲ್ಲ. ರಾತ್ರಿ ಒಬ್ಬರೇ ಟವೆಲಿನಲ್ಲಿ ಒಂದಷ್ಟು ಮರಿ ಹೆಕ್ಕಿ ನೀರಿಗೆ ಬಿಟ್ಟಿದ್ದಾರೆ.

21ನೇ ಮನೆ, 9:17
ನನಗೆ ಬೇಕಿದ್ದ ಉತ್ತರ ಇದು. ಅಳಿವೆ ಕಡೆಯ ಗೂಡು ಇನ್ನೂ ಒಡೆದಿಲ್ಲ. ಮೊಟ್ಟೆ ಮರಿಯಾಗಲು 45ರಿಂದ 60 ದಿನ, ಅದಕ್ಕೆ ಈಗಾಗಲೇ ಹತ್ತಿರವಾಗಿದೆ. ಯಾವ ರಾತ್ರಿ ಬೇಕಾದರೂ ಬರಬಹುದು. ವಾಚ್‌ಮನ್‌ಗೆ, ಬೋಟಿನವರಿಗೆ ಅವರ ಹೊತ್ತಿಗೆ, ಅವರಿದ್ದಲ್ಲೇ ನಾನು ಹೇಳಿಕೊಡುತ್ತೇನೆ. ಸ್ವಿಚ್ ಬಾಕ್ಸ್ ಕೀ ಯಾರ ಹತ್ತಿರ ಇದೆ?

6ನೇ ಮನೆ, 9:24
ನನ್ನ ಹತ್ತಿರ ಇದೆ. ಸಭೆಯಲ್ಲಿ ಮಾತಾಡೋಣ.

21ನೇ ಮನೆ, 9:25
ಸಭೆ ಭಾನುವಾರ ರಾಯರೇ. ಇವತ್ತು ರಾತ್ರಿಗೆ ಕೊಡಿ.

ಕಾರ್ಯದರ್ಶಿ, 9:40
ಭಾನುವಾರ ಸಂಜೆ 5ಕ್ಕೆ ಸಭೆ, ಎಲ್ಲರೂ ತಪ್ಪದೆ ಬನ್ನಿ. ವಿಷಯ: ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ, ಚರಂಡಿ ಜಾಲರಿ ರಿಪೇರಿ. ಸಮಯ ಉಳಿದರೆ ಲೈಟ್.

14ನೇ ಮನೆ, 9:41
👍

3ನೇ ಮನೆ, 9:43
ಲಸಿಕೆಗೆ ನಾಯಿ ಹಿಡಿದುಕೊಡಲು ನಾನು ರೆಡಿ. ಪಟ್ಟಿ ಮಾಡೋಣ, ಯಾವ ಮನೆ ಮುಂದೆ ಎಷ್ಟು ನಾಯಿ ಇವೆ, ಬರೆಯಿರಿ.

19ನೇ ಮನೆ, 9:44
ನಮ್ಮ ಮುಂದೆ ಮೂರು.