ಮಲ್ಲಿಗೆ ಬೆರೆತ ಪೆಟ್ರೋಲು

"ಈ ಸಲ ಮಲ್ಲಿಗೆ ಪರ್ಫ್ಯೂಮ್ ಕಣೋ" ಎಂದ ಸೀನ. ಗೃಹಪ್ರವೇಶಕ್ಕೆ ಕರೆದವನ ಹಾಗೆ ಕಾರಿನ ಬಾಗಿಲು ತೆಗೆದು ಹಿಡಿದಿದ್ದ.

ಭಾನುವಾರ ಬೆಳಗ್ಗೆ, ಜಯನಗರ ನಾಲ್ಕನೇ ಬ್ಲಾಕು. ಬೈ-ಟೂ ಕಾಫಿ ಮುಗಿಸಿ ಫುಟ್‌ಪಾತಿನಲ್ಲಿ ನಿಂತಿದ್ದೆವು. ವಿಶ್ವ ತಲೆ ಒಳಗೆ ಹಾಕಿ, ಒಂದೇ ಒಂದು ಉಸಿರು ಎಳೆದು ಹೊರಗೆ ಬಂದ.

"ಮಲ್ಲಿಗೆ ಇದೆ. ಪೆಟ್ರೋಲೂ ಇದೆ. ಛತ್ರದಲ್ಲಿ ಜನರೇಟರ್ ಪಕ್ಕದ ಕುರ್ಚಿ ಸಿಕ್ಕ ಹಾಗಿದೆ."

"ಹೋದ ತಿಂಗಳು ನಿಂಬೆ ಹಾಕಿದ್ದೆ."

"ಅದು ಆಯುಧಪೂಜೆ ದಿನದ ಗ್ಯಾರೇಜು."

"ಅದಕ್ಕೂ ಮುಂಚೆ ಶ್ರೀಗಂಧ."

"ಪುರೋಹಿತರ ಸ್ಕೂಟರಿನಲ್ಲಿ ಹಿಂದಿನ ಸೀಟು."

ಸೀನನಿಗೆ ಸಿಟ್ಟು ಬಂತು. "ಸುಮ್ನೆ ತಮಾಷೆ ಮಾಡಬೇಡ. ಹತ್ತು ನಿಮಿಷ ಓಡಿಸಿದರೆ ಪೆಟ್ರೋಲ್ ವಾಸನೆ ಪೂರ್ತಿ ಹೋಗುತ್ತೆ, ಗೊತ್ತಾ?"

"ಹೋಗಿದ್ದು ವಾಸನೆ ಅಲ್ಲ, ನಿನ್ನ ಮೂಗು. ಯಾವ ವಾಸನೆಗಾದರೂ ಮೂಗು ಐದು-ಹತ್ತು ನಿಮಿಷದಲ್ಲಿ ಒಗ್ಗಿಕೊಳ್ಳುತ್ತೆ. ಇಳಿದು, ಒಂದು ಸುತ್ತು ಹೊಡೆದು, ವಾಪಸ್ ಹತ್ತಿ ನೋಡು."

ನಂಜುಂಡ ಅಷ್ಟರಲ್ಲಿ ಮೊಬೈಲ್ ತೆಗೆದಿದ್ದ. ಅವನು ಸೀನು ಬಂದರೂ ಮೊಬೈಲ್ ಕೇಳಿಯೇ ಸೀನುವವನು. "ಹದಿನಾಲ್ಕು ಕಾರಣ ಕೊಟ್ಟಿದೆ. ನನಗನಿಸೋದು ಇ20. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದನ್ನ ಬಿಡುಗಡೆ ಮಾಡಿದ್ದು."

"ಹಳೇ ರಬ್ಬರಿಗೆ ಎಥನಾಲ್ ಒಗ್ಗಲ್ಲ ಅನ್ನೋದು ನಿಜ" ಎಂದ ವಿಶ್ವ. "ಆದರೆ ಸರ್ಕಾರಾನ ಬೈಯೋಕೆ ಮುಂಚೆ ಒಂದು ಸಲ ಸೀಟಿನ ಕೆಳಗೆ ಬಗ್ಗಿ ನೋಡಬೇಕಲ್ವಾ?"

"ಸರ್ವೀಸಿನವರು ನೋಡಿದರು" ಎಂದ ಸೀನ. "ಸ್ಕ್ಯಾನರ್ ಹಾಕಿದರು. ಯಾವ ಕೋಡೂ ಬರಲಿಲ್ಲ. ಏನೂ ತೊಂದರೆ ಇಲ್ಲ ಅಂದರು."

"ಸ್ಕ್ಯಾನರಿಗೆ ಮೂಗಿಲ್ಲ ಸೀನ."

"ಅವರೇ ಈ ಪರ್ಫ್ಯೂಮೂ ಮಾರಿದ್ದು."

"ಅದೇ ನಂಗೆ ಉರಿಯೋದು! ಸೋರೋದನ್ನ ಯಾರೂ ನಿಲ್ಲಿಸಲ್ಲ, ಎಲ್ಲರೂ ಪರಿಮಳ ಮಾರ್ತಾರೆ. ಅಡುಗೆ ಗ್ಯಾಸಿಗೆ ಹೆಚ್ಚುಕಮ್ಮಿ ವಾಸನೆಯೇ ಇಲ್ಲ, ಗೊತ್ತಾ? ಸೋರಿದರೆ ಗೊತ್ತಾಗಲಿ ಅಂತ ಕಂಪನಿಯವರೇ ದುರ್ವಾಸನೆ ಬೆರೆಸಿ ಕೊಡ್ತಾರೆ. ಪೆಟ್ರೋಲು ಪಾಪ, ಬಿಟ್ಟಿಯಾಗಿ ಕೂಗಿ ಹೇಳ್ತಿದೆ. ನೀನು ದುಡ್ಡು ಕೊಟ್ಟು ಅದರ ಬಾಯಿ ಮುಚ್ಚಿಸ್ತಿದೀಯ."

"ಅಮ್ಮ ಕೂಡ ಹೇಳಿದರು, ಏನೋ ವಾಸನೆ ಅಂತ" ಎಂದ ಸೀನ ಮೆಲ್ಲಗೆ. "ಅದಕ್ಕೇ ಪ್ರತಿ ಶುಕ್ರವಾರ ಡ್ಯಾಶ್‌ಬೋರ್ಡಿನ ಗಣಪತಿಗೆ ಊದುಬತ್ತಿ ಹಚ್ಚಿ ಇಡ್ತಾರೆ."

ಯಾರೂ ಮಾತಾಡಲಿಲ್ಲ. ನಂಜುಂಡ ಕೂಡ ಮೊಬೈಲ್ ಕೆಳಗಿಳಿಸಿದ.

"ಕಾರಿನ ಒಳಗೆ? ಕಿಟಕಿ ಹಾಕಿಕೊಂಡು?"

"ಹೊಗೆ ಚೆನ್ನಾಗಿ ಹರಡಲಿ ಅಂತ."

"ಸೀನ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಿಕೊಳ್ಳೋಕೆ ತಯಾರಾಗಿರುತ್ತೆ. ಗಾಳಿಗಿಂತ ಭಾರ ಬೇರೆ, ಕಾಲ ಹತ್ತಿರ ಹೋಗಿ ಕೂರುತ್ತೆ. ಬೆಂಕಿಕಡ್ಡಿ ಗೀರಿದರೆ ಮುಗೀತು. ನಿಮ್ಮ ಗಣಪತಿ ಇಷ್ಟು ದಿನ ಓವರ್‌ಟೈಮ್ ಮಾಡಿದಾನೆ. ಅವನಿಗೆ ಊದುಬತ್ತಿ ಬೇಡ, ರಜಾ ಕೊಡು."

ಆಮೇಲೆ ವಿಚಾರಣೆ ಶುರುವಾಯಿತು. ಎಸಿಯಲ್ಲಿ ಹೊರಗಿನ ಗಾಳಿ ನಿಲ್ಲಿಸಿ, ಒಳಗಿನದನ್ನೇ ಸುತ್ತಿಸಿದರೆ ವಾಸನೆ ಕಮ್ಮಿಯಾಗುತ್ತಾ? ಇಲ್ಲ, ಜಾಸ್ತಿ. ಹಾಗಾದರೆ ಬಾನೆಟ್ ಕಡೆಯಿಂದ ಬರುತ್ತಿಲ್ಲ ಅನಿಸುತ್ತೆ ಎಂದ ವಿಶ್ವ. ಗಾಳಿ ಒಳಗೆ ಬರುವ ದಾರಿ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಇಂಜಿನ್ನಿನ ವಾಸನೆ ಅಲ್ಲಿಂದಲೇ ನುಗ್ಗುತ್ತದೆ. ಹಿಂದೆ ಕೂತವರಿಗೆ ಜಾಸ್ತಿಯಾ? ಹೌದು, ಅತ್ತೆ ಯಾವಾಗಲೂ ಗೊಣಗುತ್ತಾರೆ. (ಅತ್ತೆಯ ಗೊಣಗಾಟವನ್ನು ರೋಗಲಕ್ಷಣ ಎಂದು ಸೀನ ಒಪ್ಪಿದ್ದು ಅವತ್ತೇ ಮೊದಲು.) ಟ್ಯಾಂಕ್ ಅರ್ಧಕ್ಕೆ ಇಳಿದಾಗ?

"ಇರಲ್ಲ. ಫುಲ್ ಮಾಡಿಸಿದ ದಿನ ಮಾತ್ರ."

"ಫುಲ್ ಅಂದರೆ?"

"ಬಂಕಿನಲ್ಲಿ ಟಕ್ ಅಂತ ತಾನೇ ನಿಲ್ಲುತ್ತಲ್ಲ, ಆಮೇಲೆ ಇನ್ನೊಂದಿಷ್ಟು ಹಾಕಿಸಿ ರೌಂಡ್ ಫಿಗರ್ ಮಾಡಿಸ್ತೀನಿ."

ವಿಶ್ವ ಹಣೆ ಚಚ್ಚಿಕೊಂಡ. "ಎಲೆ ಮೇಲೆ ಅಡ್ಡ ಮಲಗಿದವನಿಗೂ ಹೋಳಿಗೆ ಬಡಿಸೋ ಪೈಕಿ ನೀನು. ಟ್ಯಾಂಕಿನ ಆವಿ ಹೀರೋಕೆ ಅಂತ ಒಂದು ಇದ್ದಿಲಿನ ಡಬ್ಬಿ ಇದೆ. ಆವಿ ಹೀರೋಕೆ, ಪೆಟ್ರೋಲ್ ಕುಡಿಯೋಕಲ್ಲ. ಕುಡಿಸಿದರೆ ಅದು ಕೆಡುತ್ತೆ. ನಿನ್ನ ಕಾರಿನ ತೊಂದರೆ ಅಲ್ಲಿಗೇ ನಿಂತಿಲ್ಲ ಅನ್ಸುತ್ತೆ. ಹಿಂದಿನ ಸೀಟು ಎತ್ತು."

ಎತ್ತಿದೆವು. ಕೆಳಗೆ ತಟ್ಟೆಯಷ್ಟು ಅಗಲದ ಮುಚ್ಚಳ. ಅದರ ಅಡಿಯಲ್ಲಿ ಪೆಟ್ರೋಲ್ ಪಂಪು. ಪಂಪಿನ ಸುತ್ತ ರಬ್ಬರ್ ಉಂಗುರ. ಮುಚ್ಚಳದ ಅಂಚಿನ ಧೂಳು ಒದ್ದೆಯಾಗಿ ಕಪ್ಪಾಗಿತ್ತು. ಮಲ್ಲಿಗೆ ಅಲ್ಲಿಯವರೆಗೆ ಬಂದಿರಲಿಲ್ಲ.

"ರಬ್ಬರ್ ಒಣಗಿದೆ. ಟ್ಯಾಂಕ್ ಕಂಠದವರೆಗೆ ತುಂಬಿಸಿದಾಗ ತುಳುಕಿ ಜಿನುಗುತ್ತೆ. ನೀನು ಬಿಚ್ಚೋಕೆ ಹೋಗಬೇಡ. ಗೊತ್ತಿರೋ ಮೆಕ್ಯಾನಿಕ್ ಬ್ಯಾಟರಿ ತಂತಿ ಕಳಚಿ, ಪೈಪಿನ ಒತ್ತಡ ಇಳಿಸಿ, ಬಯಲಲ್ಲಿ ನಿಂತು ಮಾಡಲಿ. ಉಂಗುರ ಜೆಸಿ ರೋಡಲ್ಲಿ ಸಿಗುತ್ತೆ. ನಿನ್ನ ಮಲ್ಲಿಗೆಗಿಂತ ಅಗ್ಗ."

ಸೀನ ಪೆಚ್ಚಾಗಿ ಡ್ಯಾಶ್‌ಬೋರ್ಡಿನ ಗೂಡು ತೆಗೆದ. ಒಳಗೆ ಇನ್ನೊಂದು ಸೀಸೆ. "ಇದನ್ನೇನು ಮಾಡಲಿ? ಕಾಫಿ ಪರಿಮಳ. ಇನ್ನೂ ಒಡೆದೇ ಇಲ್ಲ."

"ಕಾಫಿ ಜೊತೆ ಪೆಟ್ರೋಲು!" ನಂಜುಂಡ ಖುಷಿಯಾದ. "ಹೇಳು ವಿಶ್ವ, ಇದು ಎಲ್ಲಿಯ ವಾಸನೆ?"

ವಿಶ್ವ ಸೀಸೆಯ ಬಿರಡೆ ತಿರುಗಿಸಿ ಮೂಸಿದ. ತಕ್ಷಣ ಉತ್ತರ ಬರಲಿಲ್ಲ.

"ಅಪ್ಪ" ಎಂದ. "ಭಾನುವಾರ ಬೆಳಗ್ಗೆ ಸ್ಕೂಟರನ್ನ ವಠಾರದ ಅಂಗಳಕ್ಕೆ ತಂದು, ಪ್ಲಗ್ ಬಿಚ್ಚಿ ಪೆಟ್ರೋಲಲ್ಲಿ ತೊಳೆಯೋರು. ಮೆಟ್ಟಿಲ ಮೇಲೆ ಲೋಟ ಇಟ್ಟಿರೋರು. ನಾನು ಪ್ಲಗ್ ಹಿಡ್ಕೊಂಡು ನಿಂತಿರಬೇಕು. ಕಿಡಿ ಬಂದರೆ ಅದೇ ಕೈಯಲ್ಲಿ ನನ್ನ ತಲೆ ಸವರೋರು. ಎಣ್ಣೆ ಸ್ನಾನ ಮಾಡಿಸಿದರೂ ಸಂಜೆವರೆಗೆ ಹೋಗ್ತಿರಲಿಲ್ಲ."

"ಅಮ್ಮ ಬೈತಿರಲಿಲ್ವಾ?"

"ಬೈಯೋರು. ಇಬ್ಬರಿಗೂ."

ಬಿರಡೆ ಗಟ್ಟಿಯಾಗಿ ತಿರುಗಿಸಿ ಸೀನನ ಕೈಗೆ ಕೊಟ್ಟ. ಈಗಿನ ಬ್ಯಾಟರಿ ಕಾರುಗಳಿಗೆ ಯಾವ ವಾಸನೆಯೂ ಇಲ್ಲ, ಅಲ್ವಾ ಎಂದು ನಂಜುಂಡ ಏನೋ ಶುರುಮಾಡಿದ. ಯಾರೂ ಮುಂದುವರಿಸಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಉಂಗುರ ಬದಲಾಗಿತ್ತು. ಫುಲ್ ಟ್ಯಾಂಕ್, ಟಕ್ ಅಂದಲ್ಲಿಗೆ ನಿಲ್ಲಿಸಿದ್ದು, ಬಿಲ್ಲಿನಲ್ಲಿ ಚಿಲ್ಲರೆ ಪೈಸೆ ಸಮೇತ. ಊದುಬತ್ತಿ ಮನೆಯ ದೇವರಿಗೆ ವರ್ಗವಾಗಿತ್ತು. ವಿಶ್ವ ಒಳಗೆ ಕೂತು ಉದ್ದಕ್ಕೆ ಉಸಿರೆಳೆದ. ಏನೂ ಇರಲಿಲ್ಲ.

"ಈಗ ಜಾಗ ಖಾಲಿ ಆಯ್ತಲ್ಲ" ಎಂದ ಸೀನ, ಕಣ್ಣರಳಿಸಿ. "ಹೊಸ ಕಾರಿನ ವಾಸನೆ ಅಂತಲೇ ಒಂದು ಪರ್ಫ್ಯೂಮ್ ಬಂದಿದೆ ಕಣೋ!"

ವಿಶ್ವ ಮಾತಾಡದೆ ಇಳಿದು ಆಟೊ ಕೂಗಿದ. ಗಾಂಧಿ ಬಜಾರ್ ಎಂದ. ಆಟೊದವನು ಬರಲ್ಲ ಅಂದ. ವಿಶ್ವ ವಾಪಸ್ ಬಂದು ಕಾರಿನಲ್ಲಿ ಕೂತು, ಕಿಟಕಿ ಇಳಿಸಿದ.